ಬರ್ರಿ ಅಂದವರು ಯಾರು

ನಮ್ಮೂರಲ್ಲಿ ಕರೆಯದೆ ಯಾರೂ ಯಾರ ಮನೆಯ ಹೊಸ್ತಿಲನ್ನೂ ದಾಟುವುದಿಲ್ಲ. ದಾಟಬಾರದು ಎಂದಲ್ಲ, ದಾಟಲು ಆಗುವುದಿಲ್ಲ. ಕಾಲು ಏಳುವುದಿಲ್ಲ. ಮನೆಯವರು ಒಳಗಿನಿಂದ ಬಾ ಎಂದರೆ ಏಳುತ್ತದೆ, ಇಲ್ಲದಿದ್ದರೆ ಜೋಡಿ ಎತ್ತು ಕಟ್ಟಿ ಎಳೆದರೂ ಇಲ್ಲ. ಒಮ್ಮೆ ಕರೆಸಿಕೊಂಡು ಬಂದು ಆ ಮನೆಯಲ್ಲೇ ಇರತೊಡಗಿದವರಿಗೆ ಅಥವಾ ದಿನವೂ ದುಡಿಯಲು ಬರುವವರಿಗೆ, ಆಳಾಗಲಿ ಬಾಡಿಗೆಯವರಾಗಲಿ, ಮತ್ತೆ ಮತ್ತೆ ಕರೆ ಬೇಕಾಗುವುದಿಲ್ಲ. ಆದರೆ ಅವರು ಇನ್ನೊಬ್ಬರನ್ನು ಕರೆದರೆ ನಡೆಯುವುದಿಲ್ಲ. ಕರೆಯುವುದು ಮನೆಯವರ ಬಾಯಿಗೆ ಮಾತ್ರ ಸೇರಿದ್ದು. ಬೇರೆ ಊರಿನವರು ಇದನ್ನು ಕೇಳಿದರೆ ನಗುತ್ತಾರಂತೆ. ನಾನು ಬೇರೆ ಊರು ನೋಡಿಲ್ಲ.

ಹೀಗಾಗಿ ಬರ್ರಿ ಎನ್ನುವ ಮಾತು ನಮ್ಮವರಿಗೆ ಸೀನು ಬಂದ ಹಾಗೆ ಬರುತ್ತದೆ. ಬಾಗಿಲಲ್ಲಿ ನೆರಳು ಬಿದ್ದರೆ ಸಾಕು, ಯಾರು ಏನು ಎಂದು ನೋಡುವ ಮೊದಲೇ "ಬರ್ರಿ, ಒಳಗ ಬರ್ರಿ" ಎಂದುಬಿಡುತ್ತಾರೆ. ಒಲೆಯ ಮುಂದಿದ್ದವರು ಒಲೆಯ ಮುಂದಿನಿಂದಲೇ, ಮೈ ತೊಳೆಯಲು ಹೋದವರು ಬಚ್ಚಲಿನಿಂದಲೇ. ಕೂಸಿಗೆ ಅಪ್ಪ ಅವ್ವ ಅನ್ನುವುದಕ್ಕಿಂತ ಮೊದಲು ಅದನ್ನೇ ಕಲಿಸುತ್ತಾರೆ.

ನನಗೆ ಅದು ಬರಲಿಲ್ಲ. ಮಾತು ಗಂಟಲಿನವರೆಗೆ ಬಂದು ಅಲ್ಲೇ ಕೂತುಬಿಡುತ್ತಿತ್ತು. ಎದ್ದು ನಿಂತು ಓದು ಎಂದು ಮಾಸ್ತರು ದಿನವೂ ಎಬ್ಬಿಸುತ್ತಿದ್ದರು, ನಾನು ದಿನವೂ ಸುಮ್ಮನೆ ನಿಲ್ಲುತ್ತಿದ್ದೆ. ಕಡೆಗೆ ಶಾಲೆಯನ್ನೇ ಬಿಟ್ಟೆ. ಅವ್ವ ಅಪ್ಪ ಹೋದ ಮೇಲೆ ಅಣ್ಣನ ಮನೆಯಲ್ಲಿ ಇದ್ದೆ. ಬಂದವರನ್ನು ಅಣ್ಣನ ಹೆಂಡತಿ ವೈನಿ ಕರೆಯುತ್ತಿದ್ದಳು, ಅಣ್ಣ ಕರೆಯುತ್ತಿದ್ದ, ಅವರ ಮಕ್ಕಳು ಕರೆಯುತ್ತಿದ್ದರು. ನಾನು ಬಾಗಿಲ ಹಿಂದೆ ನಿಂತು ಬಂದವರ ಕಾಲು ನೋಡುತ್ತಿದ್ದೆ. "ಸಾವಂತ್ರಿನ್ನ ಬಾಗಲದಾಗ ಕುಂದರಿಸಿದ್ರ ಬಂದ ಬೀಗರು ಕಟ್ಟಿಮ್ಯಾಲ ಮುದುಕರಾಗ್ತಾರ," ಎಂದು ವೈನಿ ಓಣಿಯವರ ಮುಂದೆ ಹೇಳುತ್ತಿದ್ದಳು. ಓಣಿಯವರು ನಗುತ್ತಿದ್ದರು. ಮಾತು ಸುಳ್ಳಾಗಿರಲಿಲ್ಲ.

ನಮ್ಮ ಊರಿನ ಮಗ್ಗುಲಲ್ಲಿ ಹೊಳೆ ಇದೆ. ಹೊಳೆಯ ಆಚೆ ದಂಡೆ ಬೇರೆಯವರ ಸೀಮೆ. ಅಲ್ಲಿಂದ ಮೊದಲಿನಿಂದಲೂ ಜನ ಬರುತ್ತಿದ್ದರು, ಬಾವಿ ತೋಡುವವರು, ಸೂಜಿ ದಾರ ಮಾರುವವರು, ಆಡಿನ ರೋಗಕ್ಕೆ ಮದ್ದು ಹಾಕುವವರು. ಕೆಲವರು ಇಲ್ಲೇ ಉಳಿಯುತ್ತಿದ್ದರು. ಒಂದು ಬೇಸಿಗೆಯಲ್ಲಿ ಅಲ್ಲಿಂದ ಬಂದ ಗುಂಪೊಂದು ದನ ಹೊಡೆದುಕೊಂಡು ಹೋಯಿತು. ತಡೆಯಲು ಹೋದ ದನಗಾಹಿಯನ್ನು ಬಡಿದು ಹೊಳೆಗೆ ಹಾಕಿದರು. ಆಗ ಊರೆಲ್ಲ ಸೇರಿ ಗಡಿ ಕಾಯುವವರು ಬೇಕು ಎಂದು ಮೇಲಿನವರನ್ನು ಕೇಳಿಕೊಂಡಿತು. ಕೈ ಎತ್ತದವರು ಯಾರೂ ಇರಲಿಲ್ಲ. ಗಡಿಯವರು ಬಂದರು. ರಸ್ತೆಯಲ್ಲಿ, ಸಂತೆಯಲ್ಲಿ, ಹೊಳೆಯ ದಂಡೆಯಲ್ಲಿ ಅವರು ಯಾರನ್ನಾದರೂ ನಿಲ್ಲಿಸಿ ಕೇಳಬಹುದು. ಆಚೆಯವರು ಎಂದು ಕಂಡರೆ ಸಂಜೆಯ ದೋಣಿಗೆ ಹತ್ತಿಸಬಹುದು. ಮನೆಯೊಳಗೆ ಮಾತ್ರ, ಮನೆಯವರು ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಒಳಗೆ ಬಂದ ಮೇಲೂ ಮನೆಯವರನ್ನು ಮುಟ್ಟುವ ಹಾಗಿಲ್ಲ. ರಸ್ತೆ ಅವರದು, ಮನೆ ನಮ್ಮದು ಎಂದು ಹಿರಿಯರು ಹೇಳಿದರು. ಎಲ್ಲರಿಗೂ ಅದು ಸರಿ ಎನಿಸಿತು.

ದನ ಹೊಡೆದವರು ಸಿಗಲಿಲ್ಲ. ಬಾವಿ ತೋಡುವವನು ಸಿಕ್ಕ. ಆಡಿನ ಮದ್ದಿನವಳು ಸಿಕ್ಕಳು. ಅವಳು ದೋಣಿ ಹತ್ತಿದ ತಿಂಗಳು ಆಡುಗಳು ಸತ್ತವು. ಆಗ ಜನ ತಮ್ಮ ತಮ್ಮ ಮನೆಯಲ್ಲಿದ್ದ ಆಚೆಯವರನ್ನು ಹೊರಗೆ ಬಿಡುವುದು ನಿಲ್ಲಿಸಿದರು. ಗಡಿಯವರು ಬಾಗಿಲಿಗೆ ಬರತೊಡಗಿದರು. ಬಂದವರು ಬಾಗಿಲು ಬಡಿಯುತ್ತಿರಲಿಲ್ಲ, ಕೂಗುತ್ತಿರಲಿಲ್ಲ. ಸುಮ್ಮನೆ ನೆರಳು ಬೀಳುವ ಹಾಗೆ ನಿಲ್ಲುತ್ತಿದ್ದರು. ಒಳಗಿನಿಂದ ಬರ್ರಿ ಎಂಬ ದನಿ ಬಂದರೆ ಒಂದು ಕಾಲು ಇಡುತ್ತಿದ್ದರು.

ಆಮೇಲೆ ಊರು ತನ್ನ ನಾಲಿಗೆಯನ್ನು ಕಟ್ಟಿಹಾಕಲು ಕಲಿಯಿತು. ಒಬ್ಬರು ಬಾಯಲ್ಲಿ ಅಡಿಕೆ ಇಟ್ಟುಕೊಂಡು ಕೂರುತ್ತಿದ್ದರು. ಒಬ್ಬರು ಬಾಗಿಲಿಗೆ ಬೆನ್ನು ಮಾಡಿ ರೊಟ್ಟಿ ಬಡಿಯುತ್ತಿದ್ದರು. ಒಂದು ಮನೆಯಲ್ಲಿ ಹೆಣ್ಣು ನೋಡಲು ಬಂದವರಿಗೆ "ಏನ್ರಿ?" ಎಂದರಂತೆ, ಬಂದವರು ಮುನಿಸಿಕೊಂಡು ಅಲ್ಲಿಂದಲೇ ಗಾಡಿ ತಿರುಗಿಸಿದರು. ನೆಂಟರು ಕಟ್ಟೆಯ ಮೇಲೆ ಕೂತು ಚಹಾ ಕುಡಿದು ಹೋಗುವುದು ಹೊಸ ರೂಢಿಯಾಯಿತು.

ಕೌದಿ ಹೊಲಿಸುವ ದುಂಡವ್ವನಿಗೆ ಮಾತ್ರ ಯಾವ ಉಪಾಯವೂ ಹಿಡಿಯಲಿಲ್ಲ. ಅವಳು ನೆರೆಯವರ ಬೆಕ್ಕಿಗೂ ಬರ್ರಿ ಅನ್ನುವವಳು. ಅವಳ ಮನೆಯಲ್ಲಿ ಕೇಸರಬಾಯಿ ಇದ್ದಳು. ಕೇಸರಬಾಯಿ ಚಿಕ್ಕ ವಯಸ್ಸಿನಲ್ಲಿ ಆಚೆ ದಂಡೆಯಿಂದ ಸೂಜಿ ಮಾರಲು ಬಂದವಳು. ಆ ದಿನ ದುಂಡವ್ವನಿಗೆ ಚಳಿಜ್ವರ, ಅರ್ಧ ಹೊಲಿದ ಕೌದಿ ಕೈಯಲ್ಲಿ. ಇದೊಂದು ಮುಗಿಸಿ ಹೋಗುತ್ತೇನೆ ಎಂದು ಕೂತವಳು ಹೋಗಿರಲಿಲ್ಲ. ದುಂಡವ್ವನ ಗಂಡ ತೀರಿಕೊಂಡಾಗ ಬಾಯಿಗೆ ನೀರು ಬಿಟ್ಟವಳು ಅವಳೇ. ಆಚೆ ದಂಡೆಯಲ್ಲಿ ಅವಳ ಊರು ಹೊಳೆ ಬಂದಾಗ ಕೊಚ್ಚಿಕೊಂಡು ಹೋಗಿತ್ತು. "ಅಲ್ಲಿ ನನ್ನ ಹೆಸರು ಹಿಡದು ಕರಿಯೂ ಒಬ್ರು ಇಲ್ಲವ್ವ," ಎಂದು ಅವಳು ಒಮ್ಮೆ ನನಗೆ ಹೇಳಿದ್ದಳು, ಅಳುತ್ತ ಅಲ್ಲ, ದಾರ ಕಚ್ಚಿ ತುಂಡು ಮಾಡುತ್ತ.

ದುಂಡವ್ವ ಒಂದು ಬೆಳಿಗ್ಗೆ ನಮ್ಮ ಮನೆಗೆ ಬಂದಳು. "ನಿನ್ನ ನಾದಿನಿನ್ನ ನಮ್ಮನಿಗೆ ಕಳಸ. ಬಾಗಲದಾಗ ಕುಂದ್ರಾಕ," ಎಂದು ವೈನಿಗೆ ಹೇಳಿದಳು.

"ಬಾಗಲದಾಗ? ಈ ಮೂಗಿನ್ನ?" ಎಂದು ವೈನಿ ನಕ್ಕಳು.

"ಮೂಗಿನ ಬೇಕಾಗ್ಯಾಳ. ನನಗ ಬಾಯಿ ಇದ್ದವ್ರು ಸಾಕಾಗ್ಯಾರ, ನಂದೂ ಸೇರಿ."

ಹೀಗೆ ನನಗೆ ಕೆಲಸ ಸಿಕ್ಕಿತು. ಹೊಸ್ತಿಲ ಒಳಗೆ ಚಾಪೆ ಹಾಸಿಕೊಂಡು ಕೂರುವುದು. ಯಾರು ಬಂದರೂ ಸುಮ್ಮನಿರುವುದು. ಗುರುತಿನವರಾದರೆ ಒಳಗೆ ಹೋಗಿ ದುಂಡವ್ವನ ಸೆರಗು ಎಳೆಯುವುದು, ಅವಳು ಬಂದು ಕರೆಯುವುದು. ಗಡಿಯವರಾದರೆ ಕೂತಲ್ಲೇ ಕೂತಿರುವುದು. ದುಂಡವ್ವ ತಾನು ಹಿತ್ತಲ ಕೋಣೆಯಲ್ಲಿ ಬಾಗಿಲು ಮುಂದಕ್ಕೆ ಎಳೆದುಕೊಂಡು ಕೂರುತ್ತಿದ್ದಳು, ನೆರಳು ಕಾಣಬಾರದೆಂದು. ಕೇಸರಬಾಯಿ ನಡುಮನೆಯಲ್ಲಿ ಹೊಲಿಯುತ್ತಿದ್ದಳು. ಸಂಜೆಯ ಹೊತ್ತು, ಅಣ್ಣನ ಮನೆಗೆ ಮರಳುವ ಮೊದಲು, ನಾನೂ ಅವಳ ಜೊತೆ ಹೊಲಿಯಲು ಕೂರತೊಡಗಿದೆ. ಅವಳು ಮಾತು ಕೇಳುತ್ತಿರಲಿಲ್ಲ, ಚಿಂದಿ ಕೊಡುತ್ತಿದ್ದಳು. ಯಾವ ಬಣ್ಣದ ಪಕ್ಕಕ್ಕೆ ಯಾವ ಬಣ್ಣ ಎಂದು ನನ್ನನ್ನೇ ಆರಿಸಲು ಬಿಡುತ್ತಿದ್ದಳು.

ನಮ್ಮ ಓಣಿಗೆ ಬರುತ್ತಿದ್ದ ಗಡಿಯ ಸಾಹೇಬರ ಹೆಸರು ವೆಂಕೋಬರಾಯರು. ವಯಸ್ಸಾದವರು, ಹೆಗಲ ಮೇಲೆ ಟವೆಲು, ಮೆತ್ತಗಿನ ಮಾತು. ಕೇಸರಬಾಯಿ ಇರುವುದು ಅವರಿಗೆ ಗೊತ್ತಿತ್ತು. ವಾರದಲ್ಲಿ ಕೆಲವು ಸಲ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು.

"ದುಂಡವ್ವ ಅದಾಳೇನವ್ವ?"

ನಾನು ತಲೆ ಆಡಿಸುತ್ತಿದ್ದೆ.

"ನೀ ಮಾತಾಡೂದ ಇಲ್ಲೇನು? ಛಲೋ ಕೆಲಸ ಹಿಡದಿ ಬಿಡು."

ನಾನು ಅದಕ್ಕೂ ತಲೆ ಆಡಿಸುತ್ತಿದ್ದೆ. ಅವರು ನಗುತ್ತಿದ್ದರು. ನೀರು ಕೇಳಿದರೆ ಹೊಸ್ತಿಲಿನಿಂದ ಕೈ ಚಾಚಿ ತಂಬಿಗೆ ಕೊಡುತ್ತಿದ್ದೆ. ಕುಡಿದು, ತಂಬಿಗೆಯನ್ನು ಹೊಸ್ತಿಲ ಅಂಚಿನ ಮೇಲೆ ಇಡುತ್ತಿದ್ದರು. ಒಮ್ಮೆ, ಯಾರೂ ಕೇಳದಿದ್ದರೂ ಹೇಳಿದರು, "ನಮ್ಮನ್ನ ಕರಸಿದವರು ನೀವ. ಆ ದನಗಾಹಿ ಹುಡುಗನ ಅವ್ವ ಇವತ್ತಿಗೂ ನನ್ನ ಕಂಡ್ರ, ಇನ್ನೂ ಎಷ್ಟ ಮಂದಿ ಉಳದಾರ್ರಿ ಅಂತ ಕೇಳ್ತಾಳ. ಆಕಿಗೆ ನಾ ಏನ್ ಹೇಳ್ಲಿ?" ನಾನು ಅಂಚಿನ ಮೇಲಿನ ತಂಬಿಗೆ ಎತ್ತಿಕೊಂಡೆ.

ಬಿಸಿಲು ಏರಿದ ಒಂದು ಮಧ್ಯಾಹ್ನ ಅವರು ಬಂದರು. ಚೌಕಟ್ಟಿಗೆ ಕೈ ಕೊಟ್ಟು ನಿಂತರು. ಮುಖ ಕೆಂಪಾಗಿತ್ತು, ನಿಂತಲ್ಲೇ ತುಸು ತೂಗಾಡುತ್ತಿದ್ದರು. ನೀರು ಎಂದು ಸನ್ನೆ ಮಾಡಿದರು. ಮುಂದಿನ ಕೊಡ ಬರಿದಾಗಿತ್ತು. ನಾನು ಎದ್ದು ಹಿತ್ತಲಿಗೆ ಹೋದೆ. ತಂಬಿಗೆ ತುಂಬಿಕೊಂಡು ನಡುಮನೆಯ ಬಾಗಿಲಿಗೆ ಬರುವಾಗ, ಕತ್ತರಿ ಹುಡುಕುತ್ತ ಮುಂದಿನ ಕೋಣೆಗೆ ಬಂದ ಕೇಸರಬಾಯಿ ಕಂಡಳು. ಅವಳು ವೆಂಕೋಬರಾಯರನ್ನು ಎಂದೂ ನೋಡಿರಲಿಲ್ಲ. ಬಿಸಿಲಲ್ಲಿ ಒಬ್ಬ ಮುದುಕ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಒರೆಸುತ್ತ ನಿಂತಿರುವುದನ್ನು ಮಾತ್ರ ನೋಡಿದಳು.

"ಅಯ್ಯ, ಬಿಸಲಾಗ ಯಾಕ ನಿಂತೀರಿ? ಬರ್ರಿ, ಒಳಗ ಬರ್ರಿ," ಎಂದಳು.

ನಾನು ಅವರ ಕಾಲನ್ನೇ ನೋಡುತ್ತಿದ್ದೆ. ನನಗೆ ಆ ರೂಢಿ. ಬಲಗಾಲು ಎದ್ದಿತು, ಹೊಸ್ತಿಲು ದಾಟಿತು, ಒಳಗೆ ಊರಿತು. ಎಡಗಾಲು ಹಿಂದೆಯೇ ಬಂತು. ಅವರು ಟವೆಲು ತೆಗೆದು ಸುತ್ತ ನೋಡಿದರು. ಒಳಗೆ ಬಂದದ್ದು ಅವರಿಗೇ ಆಶ್ಚರ್ಯವಾದಂತಿತ್ತು. ಕೇಸರಬಾಯಿ ಅಂಗಿಯ ಮೇಲಿನ ಬಿಲ್ಲೆಯನ್ನು ನೋಡಿದಳು. ನೋಡಿ ಗೋಡೆಗೆ ಆತು ನಿಂತಳು.

ಹಿತ್ತಲ ಕೋಣೆಯಲ್ಲಿ ತೂಕಡಿಸುತ್ತಿದ್ದ ದುಂಡವ್ವ ಬರ್ರಿ ಎಂಬ ದನಿಗೆ ಎಚ್ಚೆತ್ತು ಓಡಿ ಬಂದಳು. ಮುಂದಿನ ಕೋಣೆಯಲ್ಲಿ ನಿಂತ ಸಾಹೇಬರನ್ನು ಕಂಡು ತನ್ನ ಬಾಯಿಗೆ ತಾನೇ ಪಟಪಟ ಬಡಿದುಕೊಂಡಳು. "ಕರದೆನಲ್ಲೋ ಶಿವನ, ಮತ್ತ ಕರದೆನಲ್ಲೋ. ಈ ನಾಲಿಗಿ ಸುಡಲಿ. ನಿದ್ದಿಗಣ್ಣಾಗ ಅಂದೆನೋ ಏನೋ."

"ನೀ ಕರದಿ?" ಎಂದರು ವೆಂಕೋಬರಾಯರು.

"ಮತ್ತ್ಯಾರು ಕರೀಬೇಕ್ರಿ? ಈ ಮನ್ಯಾಗ ಅಷ್ಟು ಹಾಳ ನಾಲಿಗಿ ನಂದ ಒಂದ."

ಅವರು ಕುಳಿತುಕೊಂಡರು. ನನ್ನ ಕೈಯಿಂದ ತಂಬಿಗೆ ತೆಗೆದುಕೊಂಡು ನೀರು ಕುಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, "ಬಟ್ಟಿ ಬರಿ ಕಟ್ಕೋ ತಾಯಿ. ಸಂಜಿ ದೋಣಿ ಐತಿ," ಎಂದು ಕೇಸರಬಾಯಿಗೆ ಹೇಳಿದರು. ಕೇಸರಬಾಯಿ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡಳು. ಕಟ್ಟಿಕೊಳ್ಳಲು ಏನಿದೆ ಎಂದು ಯೋಚಿಸುವವಳ ಹಾಗೆ ಕೋಣೆಯನ್ನು ನೋಡಿದಳು. ದುಂಡವ್ವ ಇನ್ನೂ ಬಡಿದುಕೊಳ್ಳುತ್ತಲೇ ಇದ್ದಳು. ತನ್ನ ತಪ್ಪು ಎಂದು ಅವಳು ಹೇಳಿದಷ್ಟೂ ಕೇಸರಬಾಯಿ ಹೊಳೆಯ ಹತ್ತಿರ ಹೋಗುತ್ತಿದ್ದಳು. ಅದು ಅವಳಿಗೆ ತಿಳಿಯಲಿಲ್ಲ. ಉಳಿದಿಬ್ಬರಿಗೂ ತಿಳಿಯಲಿಲ್ಲ.

ನನ್ನ ಗಂಟಲಲ್ಲಿ ಮಾತು ಬಂದು ಕೂತಿತ್ತು. ಅದು ಮೇಲೆ ಬರುವಾಗ ನೋವಾಯಿತು.

"ಅಲ್ರಿ," ಎಂದೆ.

ಮೂವರೂ ನನ್ನ ಕಡೆ ತಿರುಗಿದರು. ದುಂಡವ್ವ ಕೈಯನ್ನು ಬಾಯಿಯ ಮೇಲೆಯೇ ಬಿಟ್ಟಳು.

"ದುಂಡವ್ವ ಕರೀಲಿಲ್ರಿ. ಕೇಸರಬಾಯಿ ಕರದ್ಳು. ಆಕಿ ಬರ್ರಿ ಅಂದಮ್ಯಾಲ ನಿಮ್ಮ ಬಲಗಾಲು ಎದ್ದಿತ್ರಿ."

ವೆಂಕೋಬರಾಯರು ತಮ್ಮ ಬಲಗಾಲನ್ನು ನೋಡಿಕೊಂಡರು. ಅವರಿಗೆ ಅರ್ಥವಾಗಿತ್ತು. ಕೇಸರಬಾಯಿ ಕರೆದಾಗ ಕಾಲು ಎದ್ದಿದ್ದರೆ ಅವಳು ಈ ಮನೆಯವಳು. ಮನೆಯವಳಾದರೆ ಒಯ್ಯುವ ಹಾಗಿಲ್ಲ. ಮನೆಯವಳಲ್ಲದಿದ್ದರೆ ಅವರು ಈಗ ಒಳಗೆ ಕೂತಿರುವ ಹಾಗಿಲ್ಲ.

"ಖರೇನ?" ಎಂದು ಕೇಸರಬಾಯಿಯನ್ನು ಕೇಳಿದರು. ಅವಳು ಹೌದು ಎಂದು ತಲೆ ಆಡಿಸಿದಳು. ತಪ್ಪು ಒಪ್ಪಿಕೊಳ್ಳುವವಳ ಹಾಗೆ.

"ನೋಡೂಣು," ಎಂದು ಎದ್ದು ಹೊರಗೆ ಹೋದರು. ಹೊಸ್ತಿಲ ಆಚೆ ನಿಂತರು. "ಎಲ್ಲಾರೂ ಸುಮ್ಮನಿರ್ರಿ. ಕೇಸರಬಾಯಿ, ಈಗ ಕರಿ ನನ್ನ."

ಕೇಸರಬಾಯಿ ತುಟಿ ಒದ್ದೆ ಮಾಡಿಕೊಂಡು, "ಬರ್ರಿ," ಎಂದಳು. ಕಾಲು ಏಳಲಿಲ್ಲ. ಇನ್ನೊಮ್ಮೆ ಎಂದಳು. ಸಾಹೇಬರು ತೊಡೆಗೆ ಕೈ ಹಚ್ಚಿ ಎತ್ತಲು ನೋಡಿದರು. ಕಾಲು ನೆಲಕ್ಕೆ ಹೊಲಿದ ಹಾಗಿತ್ತು. ದುಂಡವ್ವ ಕುಸಿದು ಕೂತಳು.

"ಇಲ್ಲವ್ವ," ಎಂದರು ಅವರು. ಗೆದ್ದವರ ದನಿ ಅಲ್ಲ ಅದು. "ಏಳವಲ್ದು."

ಒಮ್ಮೆ ಬಾಯಿ ಬಿಟ್ಟ ಮೇಲೆ ಎರಡನೆಯ ಸಲ ಅಷ್ಟು ಕಷ್ಟವಾಗಲಿಲ್ಲ. "ದುಂಡವ್ವನೂ ಕರೀಲ್ರಿ," ಎಂದೆ.

"ಆಕಿ ಯಾಕ? ಮನಿ ಒಡತಿ ಆಕಿ."

"ಅದಕ್ಕ ಕರೀಲ್ರಿ."

ದುಂಡವ್ವ ಕೂತಲ್ಲಿಂದಲೇ ಮೂಗು ಒರೆಸಿಕೊಂಡು, "ಬರ್ರಿ ಸಾಹೇಬ್ರ," ಎಂದಳು. ಅವರ ಕಾಲು ಏಳಲಿಲ್ಲ. ಅವಳು ಗಟ್ಟಿಯಾಗಿ ಎಂದಳು. ಆಗಲೂ ಏಳಲಿಲ್ಲ. ಅವಳು ಹುಟ್ಟಿದಾಗಿನಿಂದ ಮೊದಲ ಸಲ ಅವಳ ಬರ್ರಿ ಸೋತಿತ್ತು. ಅವಳ ಅಳು ನಿಂತು, ಬಾಯಿ ತೆರೆದೇ ಉಳಿಯಿತು.

ನಮ್ಮ ವೈನಿ ತನಗೆ ಸೇರದ ಬೀಗರನ್ನು ಬಾಯಿತುಂಬ ಕರೆದಾಗಲೂ ಹೀಗೆಯೇ ಆಗುತ್ತಿತ್ತು. ಅವರು ಹೊಸ್ತಿಲಲ್ಲಿ ಸಿಕ್ಕಿಕೊಂಡು ನಿಲ್ಲುತ್ತಿದ್ದರು, ಅಣ್ಣ ಬಂದು ಕರೆಯಬೇಕಾಗುತ್ತಿತ್ತು. ನಾನು ಬಾಗಿಲ ಹಿಂದೆ ನಿಂತು ಎಷ್ಟೋ ಸಲ ನೋಡಿದ್ದೆ. "ಮನಸಿಲ್ದ ಕರದ್ರ ಯಾರ ಕಾಲೂ ಏಳೂದಿಲ್ರಿ," ಎಂದೆ. "ಈಗ ನೀವು ಬರೂದು ಇವರಿಬ್ಬರಿಗೂ ಬ್ಯಾಡಾಗೇತಿ. ಆಗ ಆಕಿಗೆ ಬೇಕಾಗಿತ್ರಿ. ನಿಮ್ಮ ಮಾರಿ ನೋಡಿರಲಿಲ್ಲ ಆಕಿ."

ವೆಂಕೋಬರಾಯರು ನಕ್ಕುಬಿಟ್ಟರು. ಬಿಸಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕರು. "ಮೂಗಿ ಅಂತ ಹೇಳಿದವ್ರ ಬಾಯಾಗ ಮಣ್ಣ ಹಾಕ," ಎಂದರು. ಆಮೇಲೆ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, "ನನ್ನ ಕಾಲು ಸುಳ್ಳು ಹೇಳೂದಿಲ್ಲ. ಕೇಸರಬಾಯಿ ಈ ಮನಿಯಾಕಿ. ಮ್ಯಾಲಿನವರಿಗೆ ನಾ ಹೇಳ್ತೀನಿ," ಎಂದು ಹೊರಟುಹೋದರು. ಅಂದು ಸಂಜೆ ದೋಣಿ ಬರಿದೇ ಹೋಯಿತು. ಮರುದಿನ ಕೇಸರಬಾಯಿ ಸಂತೆಗೆ ಹೋಗಿ, ಬಹಳ ದಿನದಿಂದ ಬೇಕಾಗಿದ್ದ ಹಸಿರು ಚಿಂದಿ ತಂದಳು.

ಅವರು ಮೇಲಿನವರಿಗೆ ಹೇಳಿದ್ದು ನಿಜ. ಮೇಲಿನವರು ಅದನ್ನು ಕೇಳಿಸಿಕೊಂಡದ್ದೂ ನಿಜ. ಮಳೆಗಾಲಕ್ಕೆ ಮೊದಲು ಹೊಸ ಕಟ್ಟಳೆ ಬಂತು. ಯಾರು ಯಾವ ಮನೆಯವರು ಎಂದು ಇನ್ನು ಮೇಲೆ ಹೀಗೆಯೇ ನೋಡತಕ್ಕದ್ದು. ಮನೆಯಲ್ಲಿ ಇರುವ ಪ್ರತಿಯೊಬ್ಬರೂ ಒಳಗಿನಿಂದ ಕರೆಯಬೇಕು. ಯಾರ ಕರೆಗೆ ಕಾಲು ಏಳುತ್ತದೋ ಅವರು ಮನೆಯವರು. ಯಾವ ಮನೆಯಿಂದಲೂ ಕರೆಯಲಾಗದವರು ದೋಣಿಗೆ. ಮನಸ್ಸಿಲ್ಲದೆ ಕರೆದೆವು ಎಂಬ ನೆವ ಇರಬಾರದೆಂದು ಗಡಿಯವರು ತಮ್ಮ ಜೊತೆ ಮೊಸರು ಮಾರುವ ಮಾನಕವ್ವನನ್ನು ಕರೆದುಕೊಂಡು ಬರತೊಡಗಿದರು. ಮಾನಕವ್ವ ಬಾಗಿಲಿಗೆ ಬಂದರೆ ಬೇಡ ಎನ್ನುವವರು ಊರಿನಲ್ಲಿ ಯಾರೂ ಇರಲಿಲ್ಲ. ಎಲ್ಲರ ಬಾಣಂತನಕ್ಕೂ ಮೊಸರು ಕೊಟ್ಟವಳು. ಈಗ ಅವಳ ಗಡಿಗೆ ಓಣಿಯ ತುದಿಯಲ್ಲಿ ಕಂಡರೆ ಜನ ಹೆದರುತ್ತಿದ್ದರು. "ನಾ ಏನ್ ಮಾಡ್ಲಿ, ಕರಕೊಂಡ್ ಬರ್ತಾರ, ಬರ್ತೀನಿ," ಎಂದು ಅವಳು ಕಂಡವರ ಮುಂದೆ ಹೇಳಿಕೊಳ್ಳುತ್ತಿದ್ದಳು.

ಕೆಲವು ಮನೆಗಳಲ್ಲಿ ಆಚೆಯವರ ಕರೆಗೆ ಅವಳ ಕಾಲು ಎದ್ದಿತು, ಮನೆಮಂದಿಯೇ ಬೆರಗಾದರು. ಇವಳು ನಮ್ಮ ಮಗಳ ಹಾಗೆ ಎಂದು ಊರಿಗೆಲ್ಲ ಹೇಳಿಕೊಂಡ ಕೆಲವರ ಬಾಗಿಲಲ್ಲಿ ಏಳಲಿಲ್ಲ. ಒಬ್ಬ ಗೌಡರ ಮನೆಯಲ್ಲಿ ಮದುವೆಯಾಗಿ ಬಂದ ಸೊಸೆಯ ಕರೆಗೇ ಏಳಲಿಲ್ಲ. ಆಕೆಯ ತವರಿನವರು ಗಾಡಿ ಕಟ್ಟಿಕೊಂಡು ಬಂದು ಒಯ್ದರು.

ನಮ್ಮ ಅಣ್ಣನ ಮನೆಗೆ ಬಂದದ್ದು ಒಂದು ಮುಂಜಾನೆ. ವೆಂಕೋಬರಾಯರು, ಇಬ್ಬರು ಜವಾನರು, ಮಾನಕವ್ವ. ಅಣ್ಣ ಕರೆದ, ಅವಳು ಒಳಗೆ ಬಂದು ಹೊರಗೆ ಹೋದಳು. ವೈನಿ ಕರೆದಳು. ಮಕ್ಕಳು ಕರೆದು ನಕ್ಕವು. ಮಾನಕವ್ವ ಒಳಗೆ ಹೊರಗೆ ಓಡಾಡಿ ಏದುಸಿರು ಬಿಡುತ್ತಿದ್ದಳು.

"ಇಕಿನ್ನ ಬಿಡ್ರಿ, ಇಕಿ ಕರಿಯೂದಿಲ್ಲ," ಎಂದಳು ವೈನಿ.

"ಕರೀತಾಳ. ನಾ ಕೇಳೀನಿ ಆಕಿ ಮಾತು," ಎಂದರು ವೆಂಕೋಬರಾಯರು.

ನಾನು ಮಾನಕವ್ವನನ್ನು ನೋಡಿದೆ. ಅವ್ವ ತೀರಿಕೊಂಡ ವಾರ ದಿನವೂ ನನ್ನ ಕೈಗೆ ಮೊಸರನ್ನದ ಬಟ್ಟಲು ಕೊಟ್ಟು ಉಂಡು ಮುಗಿಸುವವರೆಗೆ ಕೂತಿರುತ್ತಿದ್ದಳು. ಅವಳು ಒಳಗೆ ಬರಲಿ ಎಂದು ನನಗೆ ನಿಜವಾಗಿಯೂ ಇತ್ತು. "ಬಾ ಅಜ್ಜಿ, ಒಳಗ ಬಾ," ಎಂದೆ. ನನ್ನ ಆಯುಷ್ಯದಲ್ಲಿ ಆ ಮಾತು ಅದೇ ಮೊದಲು.

ಅವಳ ಕಾಲು ಏಳಲಿಲ್ಲ.

ಅವಳು ನನ್ನ ಮುಖ ನೋಡಿದಳು. ತಟ್ಟನೆ ಬಗ್ಗಿ ಮೊಣಕಾಲು ಹಿಡಿದುಕೊಂಡಳು. "ಅಯ್ಯಯ್ಯ, ಮಣಕಾಲು ಹಿಡಕೊಂಡೈತ್ರಿ ಸಾಹೇಬ್ರ. ಎಷ್ಟ ಸಲ ಹತ್ತಿ ಇಳೀಲಿ? ಇದು ಲೆಕ್ಕಕ್ಕಿಲ್ಲ."

ಯಾರೂ ನಗಲಿಲ್ಲ. ಅಣ್ಣ ನೆಲ ನೋಡಿದ. ವೈನಿ ಮಕ್ಕಳನ್ನು ಒಳಗೆ ಕಳಿಸಿದಳು. ಅವಳ ಮುಖದಲ್ಲಿ ಸಂತೋಷವಿರಲಿಲ್ಲ, ಗುಟ್ಟು ಬಯಲಾದವರ ಸಿಟ್ಟಿತ್ತು. ನಾನು ಆ ಮನೆಯಲ್ಲಿ ಹುಟ್ಟಿದ್ದೆ. ಆ ಹೊಸ್ತಿಲಿಗೆ ಅರಿಸಿನ ಹಚ್ಚುವವಳು ನಾನೇ.

"ಇಕಿ ಈ ಊರಾಗ ಹುಟ್ಟಿದಾಕ್ರಿ," ಎಂದ ಅಣ್ಣ, ನೆಲ ನೋಡುತ್ತಲೇ.

"ನನಗೂ ಗೊತ್ತೈತಿ. ಕಟ್ಟಳಿ ಹುಟ್ಟಿದ್ದನ್ನ ಕೇಳೂದಿಲ್ಲ," ಎಂದರು ವೆಂಕೋಬರಾಯರು. ನನ್ನ ಕಡೆ ತಿರುಗಿ, ಮೊದಲಿನ ಹಾಗೆಯೇ ಮೆತ್ತಗೆ, "ಬ್ಯಾರೆ ಯಾವುದಾರ ಮನಿ ಐತೇನವ್ವ ನಿನಗ?" ಎಂದು ಕೇಳಿದರು.

ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಇಳಿದೆ. ರಸ್ತೆಯಲ್ಲಿ ಅವರು ನನ್ನನ್ನು ಹಿಡಿಯಬಹುದಿತ್ತು, ರಸ್ತೆ ಅವರದು. ಹಿಡಿಯಲಿಲ್ಲ. ನನ್ನ ಹಿಂದೆ ನಡೆದು ಬಂದರು. ಅವರ ಹಿಂದೆ ಜವಾನರು, ಎಲ್ಲರ ಹಿಂದೆ ಮೊಣಕಾಲು ಹಿಡಿದುಕೊಂಡು ಕುಂಟುತ್ತ ಮಾನಕವ್ವ. ಓಣಿಯ ಜನ ಬಾಗಿಲುಗಳಲ್ಲಿ ನಿಂತು ನೋಡಿದರು.

ದುಂಡವ್ವನ ಮನೆಯಲ್ಲಿ ಕೇಸರಬಾಯಿ ಹೊಸ ಕೌದಿಗೆ ಅಂಚು ಕಟ್ಟುತ್ತಿದ್ದಳು. ದುಂಡವ್ವ ಕಾಳು ಆರಿಸುತ್ತಿದ್ದಳು. ನಾನು ಒಳಗೆ ಹೋಗಿ ನನ್ನ ಚಾಪೆಯ ಮೇಲೆ ನಿಂತು ತಿರುಗಿದೆ. ಬಾಗಿಲಲ್ಲಿ ನೆರಳು ಬಿದ್ದದ್ದನ್ನು ಕಂಡು ದುಂಡವ್ವನ ಬಾಯಿ ತೆರೆಯಿತು. ಕೇಸರಬಾಯಿ ತನ್ನ ಕೈಯನ್ನು ಅವಳ ಬಾಯಿಗೆ ಒತ್ತಿ ಹಿಡಿದಳು. ಏನು ನಡೆಯುತ್ತಿದೆ ಎಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ನಾನು ಕೂಲಿಗೆ ಬಂದವಳು. ಆ ಮನೆಯಿಂದ ಯಾರನ್ನೂ ಕರೆದಿರಲಿಲ್ಲ. ಕರೆಯಬಾರದೆಂದೇ ನನ್ನನ್ನು ಇಟ್ಟುಕೊಂಡಿದ್ದರು.

"ಬಾ ಅಜ್ಜಿ," ಎಂದೆ.

ಮಾನಕವ್ವ ಮೊಣಕಾಲಿನಿಂದ ಕೈ ತೆಗೆದಳು. ಕಾಲು ಎದ್ದಿತು. ಗಡಿಗೆ ಸಮೇತ ಒಳಗೆ ಬಂದು, ಕೌದಿಯ ತುದಿಯನ್ನು ಸರಿಸಿ, ದುಂಡವ್ವನ ಪಕ್ಕದಲ್ಲಿ ಕೂತು, ಸೆರಗಿನಿಂದ ಗಾಳಿ ಹಾಕಿಕೊಂಡಳು.

ವೆಂಕೋಬರಾಯರು ಹೊಸ್ತಿಲ ಆಚೆ ನಿಂತಿದ್ದರು. ಬಿಸಿಲು ಏರತೊಡಗಿತ್ತು. ಒಳಗಿದ್ದ ನಾಲ್ವರನ್ನೂ ಒಬ್ಬೊಬ್ಬರನ್ನಾಗಿ ನೋಡಿ ಟವೆಲಿನಿಂದ ಕತ್ತು ಒರೆಸಿಕೊಂಡರು.

"ಮತ್ತ ನನ್ನ?" ಎಂದರು.

ನಾನು ಸುಮ್ಮನಿದ್ದೆ.